ಆರ್ಕ್ನಿಗೆ ಬರಲಿರುವ ತಂಗಿಗೆ

ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಯಜಮಾನರಿಗೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಈ ಆರ್ಕ್ನಿ ದ್ವೀಪಗಳ ದೊಡ್ಡ ಪಟ್ಟಣವಾದ ಕರ್ಕ್‌ವಾಲ್‌ನ ಆಸ್ಪತ್ರೆಯಲ್ಲಿ ನರ್ಸ್ ಹುದ್ದೆ ಸಿಕ್ಕಿದೆ. ಬರುವ ಫೆಬ್ರವರಿಯಲ್ಲಿ ಆರು ವರ್ಷದ ಮಗನನ್ನು ಕರೆದುಕೊಂಡು ನೀವೂ ಹೊರಡುವವರಿದ್ದೀರಿ. ಕ್ಯಾನ್ಸರ್ ರೋಗಿಗಳ ಮನೆಗೆ, ಕೊನೆಗಾಲದಲ್ಲಿರುವವರ ಮನೆಗೆ ಹೋಗಿ ನೆರವಾಗುವ ಸಪೋರ್ಟ್ ವರ್ಕರ್ ಕೆಲಸಕ್ಕೆ ಇಲ್ಲಿ ಜನ ಬೇಕಾಗಿದ್ದಾರೆಂದು ಯಾರೋ ನಿಮಗೆ ತಿಳಿಸಿದ್ದಾರೆ. ‘ಅಷ್ಟು ಸಣ್ಣ ದ್ವೀಪದಲ್ಲಿ ಈ ಕೆಲಸ ಹೇಗಿರುತ್ತದೆ ಅಕ್ಕ? ಚಳಿ, ಊಟ, ಮಗನ ಶಾಲೆ ಎಲ್ಲವನ್ನೂ ತಿಳಿಸಿ. ನಾನು ನರ್ಸಿಂಗ್ ಓದಿದವಳಲ್ಲ, ಆದರೆ ಅತ್ತೆಯವರನ್ನು ಕೊನೆಯುಸಿರಿನವರೆಗೂ ನಾನೇ ನೋಡಿಕೊಂಡೆ. ರೋಗಿಗಳಿಗೆ ಧೈರ್ಯ ಹೇಳುವುದು ನನಗೆ ಚೆನ್ನಾಗಿ ಬರುತ್ತದೆ. ಅಷ್ಟು ಸಾಕಾಗುತ್ತದೆಯೇ?’ ಎಂದು ಕೇಳಿದ್ದೀರಿ. ನನ್ನನ್ನು ಬರೆಯಲು ಕೂರಿಸಿದ್ದು ಆ ಕೊನೆಯ ಪ್ರಶ್ನೆ. ಉಳಿದವಕ್ಕೆ ಚುಟುಕಾಗಿ ಉತ್ತರಿಸಿ ಅದರ ಬಳಿಗೆ ಬರುತ್ತೇನೆ.

ನಾನು ಇಲ್ಲಿಗೆ ಬಂದದ್ದು 2010ರ ನವೆಂಬರಿನಲ್ಲಿ. ಸಮುದ್ರದ ಅಲೆ ಮತ್ತು ಸೆಳೆತದಿಂದ ವಿದ್ಯುತ್ ಪಡೆಯುವ ಯಂತ್ರಗಳನ್ನು ಪರೀಕ್ಷಿಸುವ ಕೇಂದ್ರವೊಂದು ಸ್ಟ್ರಾಮ್ನೆಸ್ ಪಟ್ಟಣದಲ್ಲಿದೆ. ಅಂಥ ಯಂತ್ರಗಳ ಇಂಜಿನಿಯರಾಗಿ ನನ್ನ ಯಜಮಾನರು ಬಂದರು, ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನಾನು ಕೆಲಸ ಬಿಟ್ಟು ಅವರ ಜೊತೆ ಬಂದೆ. ಸ್ಕಾಟ್ಲೆಂಡಿನ ಉತ್ತರದ ತುದಿಯ ಸ್ಕ್ರ್ಯಾಬ್‌ಸ್ಟರ್ ಬಂದರಿನಿಂದ ಸ್ಟ್ರಾಮ್ನೆಸ್‌ಗೆ ಹಡಗಿನಲ್ಲಿ ಒಂದೂವರೆ ಗಂಟೆಯ ದಾರಿ. ನಡುವೆ ಇರುವ ಪೆಂಟ್ಲೆಂಡ್ ಜಲಸಂಧಿಯಲ್ಲಿ ಅಟ್ಲಾಂಟಿಕ್ ಸಾಗರವೂ ಉತ್ತರ ಸಮುದ್ರವೂ ಸೇರುವುದರಿಂದ ಸೆಳೆತ ಬಹಳ ಜೋರು. ಬೇಸಿಗೆಗೆ ಊರ ಕೆರೆಯೂ ಬತ್ತುವ ಗದಗ ಜಿಲ್ಲೆಯ ಎರೆಸೀಮೆಯಲ್ಲಿ ಹುಟ್ಟಿದ ನಾನು ಅಷ್ಟೊಂದು ನೀರಿನ ಮೇಲೆ ಅದೇ ಮೊದಲ ಸಲ ಕುಳಿತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು, ಹಾಯ್ ದ್ವೀಪದ ಅಂಚಿನಲ್ಲಿ ಸಮುದ್ರದೊಳಗಿಂದ ಎದ್ದು ನಿಂತಿರುವ 137 ಮೀಟರ್ ಎತ್ತರದ ಬಂಡೆಗಂಬವನ್ನು ನನಗೆ ತೋರಿಸಲೆಂದು ಕಿಟಕಿಯತ್ತ ಬೆರಳು ಮಾಡಿದರು. ಹೊರಗೆ ಕತ್ತಲೆಯಲ್ಲದೆ ಏನೂ ಕಾಣಲಿಲ್ಲ. ಆಗಿನ್ನೂ ಸಂಜೆ ಐದೂವರೆ. ಅವರು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಐದು ವಾರ ವಿಕಿರಣ ಚಿಕಿತ್ಸೆ ಮುಗಿಸಿ ಮನೆಗೆ ಮರಳುತ್ತಿದ್ದರು, ಮಂಜು ಕವಿದು ವಿಮಾನ ನಿಂತದ್ದರಿಂದ ರೈಲು ಹಿಡಿದು ಸುತ್ತಿ ಬಂದಿದ್ದರು ಎಂಬುದು ಮಾತಿನ ನಡುವೆ ತಿಳಿಯಿತು. ಇಳಿಯುವಾಗ ಅವರ ಕೈಚೀಲವನ್ನು ನಾನು ಹಿಡಿದುಕೊಂಡೆ. ಇಲ್ಲಿ ನಾನು ಮಾಡಿದ ಮೊದಲ ಕೆಲಸ ಅದು, ಸಂಬಳವಿಲ್ಲದ್ದು.

ಚಳಿಗೆ ಹೆದರಬೇಡಿ, ಗಾಳಿಗೆ ಸಿದ್ಧರಾಗಿ ಬನ್ನಿ. ಹಿಮ ಅಷ್ಟಾಗಿ ನಿಲ್ಲುವುದಿಲ್ಲ. ಛತ್ರಿ ಒಂದು ದಿನವೂ ಬಾಳುವುದಿಲ್ಲ. ಡಿಸೆಂಬರಿನಲ್ಲಿ ಬೆಳಗಿನ ಒಂಬತ್ತರ ಸುಮಾರಿಗೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರೂಕಾಲಿಗೆಲ್ಲ ಮುಳುಗುತ್ತಾನೆ. ಜೂನ್ ತಿಂಗಳಲ್ಲಾದರೆ ರಾತ್ರಿ ಹನ್ನೊಂದಕ್ಕೂ ಅಂಗಳದಲ್ಲಿ ಕುಳಿತು ಅಕ್ಕಿ ಆರಿಸಬಹುದು. ಶಾಲೆಗಳು ಚೆನ್ನಾಗಿವೆ, ಮಗನ ಬಗ್ಗೆ ಚಿಂತೆ ಬೇಡ. ಬೇಳೆಕಾಳು, ಮಸಾಲೆ ತರಿಸಿಕೊಳ್ಳಬಹುದು. ಇಲ್ಲಿ ಬೇರ್ ಎಂಬ ಹಳೆಯ ತಳಿಯ ಬಾರ್ಲಿಯನ್ನು ಇಂದಿಗೂ ಬೆಳೆಯುತ್ತಾರೆ, ಬರ್ಸಿ ಎಂಬಲ್ಲಿ ನೀರಿನ ಬಲದಿಂದ ತಿರುಗುವ ಗಿರಣಿಯಲ್ಲಿ ಬೀಸುತ್ತಾರೆ. ಆ ಹಿಟ್ಟಿನ ಬ್ಯಾನಕ್ ಎಂಬ ದಪ್ಪ ರೊಟ್ಟಿಯನ್ನು ಮೊದಲ ಸಲ ಮುರಿದು ಬಾಯಿಗಿಟ್ಟಾಗ ಅವ್ವನ ಒಲೆಯ ಮುಂದೆ ಕುಳಿತ ಹಾಗಾಯಿತು. ಜೋಳದ ರೊಟ್ಟಿ ಅಲ್ಲ ಅದು, ಆದರೆ ಅದರ ನೆಂಟ. ಸಂಬಳ ದೊಡ್ಡದಲ್ಲ, ಮನೆ ನಡೆಯುತ್ತದೆ.

ಕಾಗದಪತ್ರಗಳ ಬಗ್ಗೆ ಒಂದು ಎಚ್ಚರಿಕೆ. 2025ರ ಜುಲೈ 22ರಿಂದ ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ವೀಸಾ ದಾರಿಯನ್ನು ಬ್ರಿಟನ್ ಮುಚ್ಚಿದೆ. ನೀವು ಬರುವುದು ಯಜಮಾನರ ವೀಸಾದ ಆಧಾರದ ಮೇಲೆ, ಹಾಗೆ ಬಂದ ಹೆಂಡತಿ ಕೆಲಸ ಮಾಡಬಹುದು. ಆದ್ದರಿಂದ ಈ ಕೆಲಸ ಕೊಡಿಸುತ್ತೇನೆಂದು ಬೆಂಗಳೂರಿನಲ್ಲಿ ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇಲ್ಲಿ ಪಿ.ವಿ.ಜಿ. ಎಂಬ ಹಿನ್ನೆಲೆ ತಪಾಸಣೆ ಆಗದೆ ಯಾರನ್ನೂ ರೋಗಿಯ ಮನೆಗೆ ಕಳಿಸುವುದಿಲ್ಲ; ಅದಕ್ಕೆ ಸಮಯ ಹಿಡಿಯುತ್ತದೆ, ತಾಳ್ಮೆಯಿರಲಿ. ಕಾರು ಓಡಿಸಲು ಬಾರದಿದ್ದರೆ ಈಗಲೇ ಕಲಿಯಿರಿ. ನಮ್ಮ ಭಾರತದ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಕಾರಿಲ್ಲದೆ ಈ ಕೆಲಸವಿಲ್ಲ.

ಇನ್ನು ಕೆಲಸ. ಆರ್ಕ್ನಿ ಎಂದರೆ ಒಂದು ದ್ವೀಪವಲ್ಲ, ಜನವಸತಿ ಇರುವ ಸುಮಾರು 20 ದ್ವೀಪಗಳ ಗುಂಪು. ಎಲ್ಲ ಸೇರಿ ಸುಮಾರು 22 ಸಾವಿರ ಜನ, ನಮ್ಮಲ್ಲಿನ ಒಂದು ಪುಟ್ಟ ಪಟ್ಟಣದಷ್ಟು. ಎಲ್ಲಕ್ಕಿಂತ ದೊಡ್ಡ ದ್ವೀಪವನ್ನೇ ಇವರು ಮೇನ್‌ಲ್ಯಾಂಡ್ ಎನ್ನುತ್ತಾರೆ. ಆ ಮಾತು ಕೇಳಿ ಸ್ಕಾಟ್ಲೆಂಡ್ ಎಂದುಕೊಳ್ಳಬೇಡಿ. ಕರ್ಕ್‌ವಾಲ್‌ನ ಬ್ಯಾಲ್ಫರ್ ಆಸ್ಪತ್ರೆ 2019ರಲ್ಲಿ ಹೊಸ ಕಟ್ಟಡಕ್ಕೆ ಬಂದಿದೆ, ಕೀಮೋಥೆರಪಿಯನ್ನು ಅಲ್ಲೇ ಕೊಡುತ್ತಾರೆ. ವಿಕಿರಣ ಚಿಕಿತ್ಸೆಗೆ ಮಾತ್ರ ಅಬರ್ಡೀನ್‌ಗೇ ಹೋಗಬೇಕು. ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಮ್ಮೆ ಕೆಲವೇ ನಿಮಿಷಗಳ ಚಿಕಿತ್ಸೆ, ಹೀಗೆ ವಾರಗಟ್ಟಲೆ, ಆದ್ದರಿಂದ ದಿನವೂ ಹೋಗಿಬರುವುದು ಆಗದ ಮಾತು. ಕ್ಲಾನ್ ಎಂಬ ಸೇವಾಸಂಸ್ಥೆ ದ್ವೀಪದವರಿಗೆಂದು ಅಲ್ಲಿ ವಸತಿ ಇಟ್ಟುಕೊಂಡಿದೆ. ದನಗಳನ್ನು ನೋಡಿಕೊಳ್ಳಲು ಯಾರು, ನಾಯಿಗೆ ಅನ್ನ ಹಾಕಲು ಯಾರು, ಹೆಂಡತಿ ಜೊತೆಗೆ ಹೋಗಬೇಕೋ ಮನೆಯಲ್ಲಿ ಉಳಿಯಬೇಕೋ ಎಂಬುದನ್ನು ತೀರ್ಮಾನಿಸದೆ ಇಲ್ಲಿಯ ರೈತ ಚಿಕಿತ್ಸೆಗೆ ಒಪ್ಪುವುದಿಲ್ಲ. ಹಾಗೆ ಒಪ್ಪದೆ ಉಳಿದವರನ್ನೂ ನೋಡಿದ್ದೇನೆ. ನಮ್ಮ ಕೆಲಸದ ಮುಕ್ಕಾಲು ಪಾಲು ಇಂಥ ಗಂಟುಗಳನ್ನು ಬಿಡಿಸುವುದು: ಪ್ರಯಾಣದ ಖರ್ಚನ್ನು ಮರಳಿ ಪಡೆಯುವ ಅರ್ಜಿ, ಭತ್ಯೆಯ ಅರ್ಜಿ, ಪಕ್ಕದ ಹೊಲದವನಿಗೆ ಒಂದು ಫೋನು, ಕೂದಲು ಉದುರುವ ಮುಂಚೆಯೇ ವಿಗ್ಗಿನ ವಿಚಾರ. ಭತ್ಯೆಯ ವಿಷಯದಲ್ಲಿ ಸ್ಕಾಟ್ಲೆಂಡ್ ಒಂದು ಒಳ್ಳೆಯ ಕೆಲಸ ಮಾಡಿದೆ. ವಾಸಿಯಾಗದ ಕಾಯಿಲೆಯೆಂದು ವೈದ್ಯರೋ ನರ್ಸೋ ಬರೆದುಕೊಟ್ಟರೆ ಸಾಕು, ಇನ್ನೆಷ್ಟು ತಿಂಗಳು ಬದುಕುತ್ತಾರೆಂಬ ಲೆಕ್ಕವನ್ನು ಕೇಳುವುದಿಲ್ಲ.

ಕೊನೆಗಾಲದ ರೋಗಿಗಳ ಆರೈಕೆಗೆಂದೇ ಇರುವ ಬೆಂಗಳೂರಿನ ಕರುಣಾಶ್ರಯದಂಥ ಪ್ರತ್ಯೇಕ ಮನೆ ಇಲ್ಲಿಲ್ಲ. ಕೊನೆಗಾಲ ಆಸ್ಪತ್ರೆಯಲ್ಲಿ, ಇಲ್ಲವೇ ತಮ್ಮ ಹಾಸಿಗೆಯಲ್ಲಿ. ಹೊರದ್ವೀಪಗಳಲ್ಲಿ ಮನೆಯಲ್ಲೇ ಸಾಯಬೇಕೆಂಬ ಆಸೆ ಬಹಳ ಜನರಿಗೆ. ಹಡಗು, ವಿಮಾನ ಎರಡೂ ನಿಂತುಹೋದ ದಿನ ಔಷಧಿಗಾಗಿ ಪರದಾಡಬಾರದೆಂದು ನೋವಿಗೆ ಮಾರ್ಫಿನ್, ಕಳವಳ ತಗ್ಗಿಸಲು ಮಿಡಜೋಲಾಮ್ ಮೊದಲಾದವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಮುಂಚಿತವಾಗಿಯೇ ಮನೆಯಲ್ಲಿ ಇಟ್ಟಿರುತ್ತಾರೆ. ನುಂಗಲಾಗದವರಿಗೆ ಚರ್ಮದ ಕೆಳಗೆ ದಿನವಿಡೀ ಸ್ವಲ್ಪಸ್ವಲ್ಪವಾಗಿ ಔಷಧಿ ಹರಿಸುವ ಸಣ್ಣ ಪಂಪು ಇರುತ್ತದೆ. ಅವನ್ನು ಮುಟ್ಟುವುದು ನರ್ಸ್‌ಗಳ ಕೆಲಸ, ನಮ್ಮದಲ್ಲ. ನಮ್ಮದು ರಾತ್ರಿ ಜೊತೆಗಿರುವುದು, ಹೆಂಡತಿಗೆ ನಾಲ್ಕು ಗಂಟೆ ನಿದ್ದೆ ಮಾಡಲು ಬಿಡುವುದು, ಒಣಗಿದ ತುಟಿಗೆ ಸ್ಪಂಜಿನ ಕಡ್ಡಿಯಿಂದ ನೀರು ಮುಟ್ಟಿಸುವುದು. ನೀವು ಅತ್ತೆಯವರ ಬಾಯಿಗೆ ತುಳಸಿ ನೀರು ಬಿಟ್ಟಿರುತ್ತೀರಿ, ಕೈಗೆ ಆ ಹದ ಗೊತ್ತಿರುತ್ತದೆ. ನನ್ನ ಅಪ್ಪ ಕೊನೆಯ ತಿಂಗಳು ನೋವಿನಲ್ಲಿ ಮಂಚದ ಪಟ್ಟಿಯನ್ನು ಹಿಡಿದುಕೊಂಡೇ ಇರುತ್ತಿದ್ದರು. ಆಗ ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಮಾರ್ಫಿನ್ ಸಿಗುವುದೇ ದುರ್ಲಭವಾಗಿತ್ತು. 2014ರಲ್ಲಿ ಆ ಕಾಯ್ದೆಯನ್ನು ತಿದ್ದಿ ಸಡಿಲಿಸಿದರು, ಅಪ್ಪನ ಪಾಲಿಗೆ ಅದು ತಡವಾಗಿತ್ತು. ಇಲ್ಲಿ ಮೊದಲ ಬಾರಿಗೆ ಆ ಪೆಟ್ಟಿಗೆಯನ್ನು ಅಡುಗೆಮನೆಯ ಕಪಾಟಿನ ಮೇಲೆ ಕಂಡಾಗ ನಾನು ಕಾರಿನೊಳಗೆ ಹೋಗಿ ಕುಳಿತು ಅತ್ತೆ.

ಭಾಷೆಯ ಬಗ್ಗೆ ಭಯಪಟ್ಟಿದ್ದೀರಿ. ಇವರ ಇಂಗ್ಲಿಷ್ ಬೇರೆಯದೇ. ಸಣ್ಣದ್ದಕ್ಕೆಲ್ಲ ‘ಪೀಡಿ’ ಎನ್ನುತ್ತಾರೆ, ಎದುರು ಸಿಕ್ಕರೆ ‘ವಿಟ್ ಲೈಕ್?’ ಎಂದು ಕ್ಷೇಮ ಕೇಳುತ್ತಾರೆ. ಅದು ಮೂರು ತಿಂಗಳಲ್ಲಿ ಬರುತ್ತದೆ. ಕಲಿಯಲು ವರ್ಷ ಹಿಡಿಯುವುದು ‘ನೋ ಬ್ಯಾಡ್’ ಎಂಬ ಉತ್ತರ. ‘ಪರವಾಗಿಲ್ಲ’ ಎಂದು ಅದರ ಅರ್ಥ, ಆದರೆ ನಿದ್ದೆಯಿಲ್ಲದೆ ನಾಲ್ಕು ರಾತ್ರಿ ಕಳೆದವರೂ ಅದನ್ನೇ ಹೇಳುತ್ತಾರೆ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದರೆ ಇಲ್ಲಿಯ ಮುದುಕ ಎರಡು ಎನ್ನುತ್ತಾನೆ. ಅಂಕ ಕೇಳುವುದನ್ನು ಬಿಟ್ಟು, ಇವತ್ತು ಕೊಟ್ಟಿಗೆಗೆ ಹೋಗಿದ್ದಿರಾ, ಬೂಟನ್ನು ನೀವೇ ಕಟ್ಟಿಕೊಂಡಿರಾ ಎಂದು ಕೇಳಿ. ‘ಏನೂ ಇಲ್ಲ ಬಿಡವ್ವ’ ಎನ್ನುವ ನಮ್ಮ ಹಿರಿಯರ ನಡುವೆ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ.

ಸಣ್ಣ ಊರು ಎಂಬುದರ ಕಷ್ಟ ಬೇರೆ ಕಡೆ ಇದೆ. ನನ್ನ ಕಾರು ಯಾರ ಮನೆಯ ಮುಂದೆ ನಿಂತಿದೆ ಎಂಬುದರಿಂದಲೇ ಆ ಮನೆಯಲ್ಲಿ ಏನಾಗಿದೆ ಎಂಬುದು ದಾರಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ, ‘ಅವರು ಹೇಗಿದ್ದಾರೆ?’ ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಕೇಳುವವರು ರೋಗಿಯ ಸೋದರಸಂಬಂಧಿಯೋ ಬಾಲ್ಯದ ಗೆಳತಿಯೋ ಆಗಿರುತ್ತಾರೆ. ಊರಲ್ಲಾದರೆ ಉತ್ತರಿಸದೆ ಇರುವುದು ಸೊಕ್ಕು. ಇಲ್ಲಿ ನೀವು ‘ಇವತ್ತು ಸ್ವಲ್ಪ ಸುಸ್ತು’ ಎಂದರೂ ಅದು ಗುಟ್ಟು ಬಿಟ್ಟುಕೊಟ್ಟಂತೆ, ಮುಖ ಸಪ್ಪಗೆ ಮಾಡಿ ಸುಮ್ಮನಾದರೂ ಹೇಳಿದಂತೆಯೇ. ‘ನೀವೇ ಒಂದು ಫೋನು ಮಾಡಿ, ಅವರಿಗೆ ಸಂತೋಷವಾಗುತ್ತದೆ’ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ, ಗುಣವಾದವರ ಬಗ್ಗೆ ಕೇಳಿದರೂ ಅದೇ ಮಾತು, ಆಗ ಯಾರಿಗೂ ಅದರಿಂದ ಏನೂ ತಿಳಿಯುವುದಿಲ್ಲ. 2023ರಲ್ಲಿ ಅಬರ್ಡೀನ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು, ಆರ್ಕ್ನಿಯ ಅಜ್ಜ ಅಜ್ಜಿಯರ ವಂಶದವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆಯನ್ನು ಹೆಚ್ಚಿಸುವ ಬಿ.ಆರ್.ಸಿ.ಎ.1 ವಂಶವಾಹಿಯ ಒಂದೇ ಬಗೆಯ ದೋಷ ಇದೆಯೆಂದೂ, ಅವರಲ್ಲಿ ಹೆಚ್ಚಿನವರ ಬೇರು ವೆಸ್ಟ್ರೇ ಎಂಬ ಒಂದೇ ದ್ವೀಪದಲ್ಲಿದೆಯೆಂದೂ ಪ್ರಕಟಿಸಿದರು. ಆಮೇಲಂತೂ ಒಬ್ಬಳ ಕಾಯಿಲೆಯ ಸುದ್ದಿ ಅವಳೊಬ್ಬಳ ಸುದ್ದಿಯಾಗಿ ಉಳಿದಿಲ್ಲ. ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳು, ಕೆನಡಾಕ್ಕೆ ಹೋದ ಸೋದರತ್ತೆಯ ಮಕ್ಕಳು, ಎಲ್ಲರೂ ಅದರೊಳಗೆ ಬರುತ್ತಾರೆ. ಯಾರಿಗೆ ಯಾವಾಗ ಹೇಳಬೇಕೆಂಬ ಹಕ್ಕು ಮಾತ್ರ ಅವಳದೇ. ಪರೀಕ್ಷೆಯ ವಿಷಯ ಬಂದಾಗ ನರ್ಸ್‌ಗಳ ಕಡೆ ಕೈ ತೋರಿಸಿ, ನೀವು ಬಾಯಿ ಹಾಕಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಧೈರ್ಯ ಹೇಳುವುದು.

ನನಗೂ ಅದು ಚೆನ್ನಾಗಿ ಬರುತ್ತಿತ್ತು. 2006ರಲ್ಲಿ ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಎಂದು ತಿಳಿದ ದಿನ ಅಣ್ಣ ವೈದ್ಯರ ಕೊಠಡಿಯಿಂದ ಹೊರಗೆ ಬಂದವನೇ, ‘ಅಪ್ಪನಿಗೆ ಯಾರೂ ಹೇಳಬಾರದು’ ಎಂದ. ನಾವು ಅದನ್ನು ಗಂಟಲ ಹುಣ್ಣು ಎಂದು ಕರೆದೆವು. ‘ಯುಗಾದಿ ಹೊತ್ತಿಗೆ ನೀವೇ ಹೊಲಕ್ಕೆ ಹೋಗ್ತೀರಿ’ ಎಂದು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅಪ್ಪ ಶಿವರಾತ್ರಿಗಿಂತ ಮುಂಚೆಯೇ ಹೋದರು. ಅದನ್ನು ಪೂರ್ತಿ ತಪ್ಪು ಎಂದು ನಾನು ಇಂದಿಗೂ ಹೇಳಲಾರೆ, ಏಕೆಂದರೆ ಬಾಯಲ್ಲಿ ಸುಳ್ಳು ಹೇಳುತ್ತಿದ್ದ ನಾವು ಕೈಯಲ್ಲಿ ಸತ್ಯವನ್ನೇ ನಡೆಸುತ್ತಿದ್ದೆವು. ಅಣ್ಣ ಸೊಸೈಟಿಯ ಸಾಲವನ್ನು ತೀರಿಸಿದ. ಮುನಿಸಿಕೊಂಡು ಹನ್ನೊಂದು ವರ್ಷ ಮನೆಗೆ ಕಾಲಿಡದ ಚಿಕ್ಕಪ್ಪನನ್ನು ಅವ್ವ ತಾನೇ ಹೋಗಿ ಕರೆತಂದಳು. ಸೊಲ್ಲಾಪುರದ ಅತ್ತೆ ಹಬ್ಬವಿಲ್ಲದ ದಿನದಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅಪ್ಪ ಅವಳನ್ನು ಬಹಳ ಹೊತ್ತು ನೋಡಿದರು. ಅವತ್ತೇ ಅವರಿಗೆ ಗೊತ್ತಾಯಿತೆಂದು ಅವ್ವ ಹೇಳುತ್ತಾಳೆ. ರೋಗಿಯ ಬದಲಿಗೆ ಮನೆಯೇ ತಿಳಿದುಕೊಂಡು ಮನೆಯೇ ಎಲ್ಲವನ್ನೂ ಮಾಡುತ್ತಿದ್ದುದರಿಂದ ಆ ಧೈರ್ಯದ ಮಾತಿಗೆ ಕೆಳಗೆ ನೆಲವಿತ್ತು.

ಆ ಮಾತನ್ನು ನಾನು ಹಾಗೆಯೇ ಇಲ್ಲಿಗೆ ತಂದೆ. ನೆಲವನ್ನು ತರಲಾಗಲಿಲ್ಲ.

ನಾನು ಈ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಒಬ್ಬ ರೈತರ ಮನೆಗೆ ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಶ್ವಾಸಕೋಶದ ಕ್ಯಾನ್ಸರ್, ಆಗಲೇ ಯಕೃತ್ತಿಗೆ ಹರಡಿತ್ತು. ಮಗಳು ಎಡಿನ್‌ಬರೋದಲ್ಲಿ. ಹುಟ್ಟಿದ ಮನೆ ಹೊರದ್ವೀಪವೊಂದರಲ್ಲಿ. ಯಾವುದೆಂದು ಬರೆಯುವುದಿಲ್ಲ, ಬರೆದರೆ ಅಲ್ಲಿರುವ ಎಲ್ಲರಿಗೂ ಯಾರೆಂದು ಗೊತ್ತಾಗುತ್ತದೆ. ಆ ಮನೆಯಲ್ಲಿ ಅವರ ತಮ್ಮ, ಮಂಡಿ ನೋವಿನಿಂದ ವರ್ಷಗಳಿಂದ ದ್ವೀಪ ಬಿಟ್ಟು ಬಾರದವರು. ಅಕ್ಟೋಬರ್ ಕೊನೆಗೆ, ಇಲ್ಲಿ ಅಪರೂಪಕ್ಕೆ ಬರುವಂಥ ನಾಲ್ಕೈದು ದಿನ ಗಾಳಿಯಿಲ್ಲದ ತಿಳಿ ಹವೆ ಬಂತು. ಸ್ಟೀರಾಯ್ಡ್ ಮಾತ್ರೆಯಿಂದ ಅವರಿಗೂ ಆಗ ತುಸು ಬಲ ಬಂದಿತ್ತು, ಎರಡು ಹೊತ್ತು ಊಟ ಸೇರುತ್ತಿತ್ತು. ನಾನು ಪಾತ್ರೆ ತೊಳೆಯುತ್ತಿದ್ದಾಗ ಕಿಟಕಿಯಾಚೆ ನೋಡುತ್ತ ಅವರು ಕೇಳಿದರು: ‘ಈಗಲೇ ಒಮ್ಮೆ ತಮ್ಮನನ್ನು ನೋಡಿಕೊಂಡು ಬರಲೋ, ಇಲ್ಲ ದನಗಳನ್ನು ಹುಲ್ಲಿಗೆ ಬಿಡುವ ಹೊತ್ತಿಗೆ ಹೋಗಲೋ? ನಿನಗೇನು ಅನ್ನಿಸುತ್ತದೆ?’

ಇಲ್ಲಿ ಚಳಿಗಾಲ ಪೂರ್ತಿ ದನಗಳು ಕೊಟ್ಟಿಗೆಯೊಳಗೆ ಇರುತ್ತವೆ. ಹುಲ್ಲಿಗೆ ಬಿಡುವುದೆಂದರೆ ಮೇ ತಿಂಗಳು. ನಾನು ಕೈ ಒರೆಸಿಕೊಂಡು, ಅಪ್ಪನಿಗೆ ಹೇಳಿದ ಅದೇ ದನಿಯಲ್ಲಿ, ‘ಈಗ ಯಾಕೆ ದಣಿಯುತ್ತೀರಿ, ಬೇಸಿಗೆಗೆ ಚೆನ್ನಾಗಿ ಬಲ ಬಂದಿರುತ್ತದೆ, ಆಗ ನಾನೇ ನಿಮ್ಮನ್ನು ವಿಮಾನ ಹತ್ತಿಸುತ್ತೇನೆ’ ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ‘ಹಾಗಾದರೆ ಸರಿ’ ಎಂದರು. ಅವರ ಮನಸ್ಸಿಗೆ ಹಗುರ ಮಾಡಿದೆನೆಂದು ನನಗೆ ಸಂತೋಷವಾಯಿತು. ದಾಖಲೆ ಪುಸ್ತಕದಲ್ಲಿ ‘ಉತ್ಸಾಹದಿಂದಿದ್ದಾರೆ’ ಎಂದು ಬರೆದೆ. ಅವರು ಕೇಳಿದ ಪ್ರಶ್ನೆಯನ್ನು ಬರೆಯಲಿಲ್ಲ, ನರ್ಸ್‌ಗೂ ಹೇಳಲಿಲ್ಲ. ಹೇಳಿದ್ದರೆ ಆಕೆ ಮರುದಿನವೇ ಎಂಟು ಸೀಟಿನ ಆ ಸಣ್ಣ ವಿಮಾನದಲ್ಲಿ ಜಾಗ ಹಿಡಿಸಿ, ಔಷಧಿ ಕಟ್ಟಿಕೊಟ್ಟು ಕಳಿಸುತ್ತಿದ್ದರು. ಹಾರುವುದಕ್ಕೆ ಹಿಡಿಯುತ್ತಿದ್ದುದು ಕಾಲು ಗಂಟೆ.

ಜನವರಿಯ ಕೊನೆಯ ವಾರ ಅವರು ಮಾತು ಬಿಟ್ಟರು. ಮಗಳು ಬಂದು ತಲುಪಿದ ಮೇಲೆ ಬಿರುಗಾಳಿ ಎದ್ದು ಮೂರು ದಿನ ಹಡಗೂ ಇಲ್ಲ, ವಿಮಾನವೂ ಇಲ್ಲ. ತಮ್ಮ ಎರಡು ಹೊತ್ತೂ ಫೋನು ಮಾಡುತ್ತಿದ್ದರು. ಮೂರನೆಯ ರಾತ್ರಿ ನಾನು ಆ ಫೋನನ್ನು ಅಣ್ಣನ ಕಿವಿಗೆ ಹಿಡಿದಿದ್ದೆ. ಆ ಕಡೆಯಿಂದ ಮಾತು ಬಹಳ ಇರಲಿಲ್ಲ, ಇವತ್ತು ಇಂಥ ಹಸುವಿಗೆ ಹೀಗಾಯಿತು, ಗಾಳಿಗೆ ಕೊಟ್ಟಿಗೆಯ ತಗಡು ಎದ್ದಿದೆ, ಇಷ್ಟೇ. ಬೆಳಗಿನ ಜಾವ ಅವರು ಹೋದರು. ಮರುದಿನ ಮಧ್ಯಾಹ್ನ ಗಾಳಿ ಇಳಿಯಿತು, ಮೊದಲ ಹಡಗಿನಲ್ಲೇ ತಮ್ಮ ಬಂದರು.

ಸ್ಕಾಟ್ಲೆಂಡಿನಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವವರು ಮನೆಯವರು ಮತ್ತು ಹತ್ತಿರದವರು. ಪೆಟ್ಟಿಗೆಗೆ ಎಂಟು ಹಗ್ಗಗಳು. ಯಾರು ಯಾವ ಹಗ್ಗ ಹಿಡಿಯಬೇಕೆಂದು ಮೊದಲೇ ನಿಶ್ಚಯಿಸಿ ಸಂಖ್ಯೆಯ ಚೀಟಿ ಕೊಡುತ್ತಾರೆ. ತಲೆಯ ಕಡೆಯದು ಎಲ್ಲರಿಗಿಂತ ಹತ್ತಿರದವರಿಗೆ. ನಮ್ಮದೂ ಹೂಳುವ ಸಮಾಜವೇ, ವಿಭೂತಿ, ಬಿಲ್ವಪತ್ರೆ, ಮೂರು ಹಿಡಿ ಮಣ್ಣು ನಿಮಗೆ ಗೊತ್ತಿರುವುದೇ. ಆದರೆ ನಮ್ಮಲ್ಲಿ ಹೆಣ್ಣುಮಕ್ಕಳು ಗುಂಡಿಯ ಅಂಚಿಗೆ ಹೋದವರಲ್ಲ, ಅಪ್ಪನನ್ನು ಇಳಿಸಿದ್ದನ್ನು ನಾನು ನೋಡಿರಲಿಲ್ಲ. ಆ ತಮ್ಮ ನನ್ನ ಕೈಗೆ ಆರನೆಯ ಚೀಟಿ ಕೊಟ್ಟು, ‘ನೀನು ಅಣ್ಣನನ್ನು ಚೆನ್ನಾಗಿ ನೋಡಿಕೊಂಡೆ’ ಎಂದರು. ಸಮುದ್ರದ ಪಕ್ಕದ ಆ ಸ್ಮಶಾನದಲ್ಲಿ ಹಗ್ಗ ಕೈಯಿಂದ ನಿಧಾನವಾಗಿ ಜಾರಿತು, ಭಾರವೆಲ್ಲ ಇಳಿದು ಒಮ್ಮೆಲೇ ಸಡಿಲವಾಯಿತು. ಆಮೇಲೆ ಚಹಾ ಕುಡಿಯುವಾಗ ಅವರು, ‘ಮೇ ತಿಂಗಳಲ್ಲಿ ಬರುತ್ತೇನೆಂದು ಹೇಳಿದ್ದ, ಹಳೆಯ ಕೋಣೆಗೆ ಬಣ್ಣ ಬಳಿದಿಟ್ಟಿದ್ದೆ’ ಎಂದರು. ಆ ಮಾತು ಯಾರು ಕೊಟ್ಟದ್ದೆಂದು ನಾನು ಹೇಳಬೇಕಿತ್ತೋ ಬೇಡವೋ, ಇಷ್ಟು ವರ್ಷವಾದರೂ ನಿರ್ಧರಿಸಲಾಗಿಲ್ಲ. ಅವರೂ ಈಗ ಇಲ್ಲ.

ನನ್ನ ಮೇಲಿನ ನರ್ಸ್‌ಗೆ ಮಾತ್ರ ಆ ವಾರವೇ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಆತ ಕೇಳಿದ್ದು ವಿಮಾನದ ಬಗ್ಗೆ ಅಲ್ಲ, ತನಗಿರುವ ಹೊತ್ತಿನ ಬಗ್ಗೆ ಎಂದರು. ಉತ್ತರ ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು, ನಿಮಗೆ ಹೇಗನ್ನಿಸುತ್ತದೆ ಎಂದು ಅವರನ್ನೇ ತಿರುಗಿ ಕೇಳು, ಮತ್ತು ಆ ಪ್ರಶ್ನೆಯನ್ನು ಅದೇ ದಿನ ನನಗೆ ತಲುಪಿಸು ಎಂದರು. ಅಂದಿನಿಂದ ಅಂಥ ಪ್ರಶ್ನೆ ಬಂದಾಗ ಕೈಯಲ್ಲಿರುವುದನ್ನು ಕೆಳಗಿಟ್ಟು ಕುಳಿತುಕೊಳ್ಳುತ್ತೇನೆ. ‘ನಿಮಗೆ ಹೇಗನ್ನಿಸುತ್ತದೆ?’ ಎನ್ನುತ್ತೇನೆ. ಆಮೇಲೆ ಬರುವ ಮೌನ ಬಹಳ ಉದ್ದ ಇರುತ್ತದೆ, ಅದನ್ನು ತುಂಬಲು ನಾಲಿಗೆ ಇಂದಿಗೂ ಎಳೆಯುತ್ತದೆ, ನಾವು ಬೆಳೆದ ರೀತಿಯೇ ಹಾಗೆ. ಒಬ್ಬ ತಾಯಿ ಆ ಮೌನದ ಕೊನೆಗೆ, ಮಗಳ ಮದುವೆಯನ್ನು ಆಗಸ್ಟಿನಿಂದ ಮಾರ್ಚಿಗೆ ತರಬೇಕೆನಿಸುತ್ತದೆ ಎಂದರು. ತಂದರು ಕೂಡ.

ನಿಮ್ಮ ಊರಿನ ಧೈರ್ಯದ ಮಾತು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ ತಂಗಿ. ನಿಮ್ಮ ಅತ್ತೆಯವರಿಗೆ ಅದು ಬೇಕಿದ್ದಿರಬಹುದು, ಅವರ ಸುತ್ತ ನೀವೆಲ್ಲ ಇದ್ದಿರಿ. ಇಲ್ಲಿ ಆ ಅಜ್ಜನಿಗೆ ಅವರ ಪರವಾಗಿ ಸತ್ಯವನ್ನು ಹೊತ್ತು ಓಡಾಡುವ ಮನೆಮಂದಿ ಇರಲಿಲ್ಲ. ಟಿಕೆಟ್ ತೆಗೆಯುವವರೂ ಅವರೇ, ತಮ್ಮನಿಗೆ ಹೇಳಿಕಳಿಸುವವರೂ ಅವರೇ ಆಗಿದ್ದರು. ಆದ್ದರಿಂದ ಸಂದರ್ಶನದಲ್ಲಿ ಧೈರ್ಯ ಹೇಳುವುದು ಬರುತ್ತದೆ ಎಂದು ಹೇಳಬೇಡಿ. ಅತ್ತೆಯವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು, ರಾತ್ರಿ ಎದ್ದು ಕುಳಿತದ್ದನ್ನು, ಬೆನ್ನು ಹುಣ್ಣಾಗದಂತೆ ನೋಡಿಕೊಂಡದ್ದನ್ನು ಹೇಳಿ. ಅವರು ಎಂದಾದರೂ ‘ನಾನು ಉಳೀತೀನೇನವ್ವ?’ ಎಂದು ಕೇಳಿದ್ದರೆ, ಆಗ ನಿಮ್ಮೊಳಗೆ ಏನಾಯಿತೆಂಬುದನ್ನೂ ಹೇಳಿ. ಅದಕ್ಕೆ ಅಂಕ ಕೊಡುತ್ತಾರೆ.

ನಮ್ಮ ಇನ್ನೊಂದು ರೂಢಿ ಮಾತ್ರ ನನಗೆ ಇಲ್ಲಿಯೂ ಬಿಡಲಾಗಿಲ್ಲ. ಯಾವ ಮನೆಯಿಂದ ಹೊರಡುವಾಗಲೂ ನನ್ನ ಬಾಯಲ್ಲಿ ಕನ್ನಡದಲ್ಲೇ ‘ಬರ್ತೀನಿ’ ಎಂದು ಬರುತ್ತದೆ. ಅದೇನೆಂದು ಕೇಳಿದವರಿಗೆ ಹೋಗುತ್ತೇನೆ ಎನ್ನುವುದಕ್ಕೆ ನಾವು ಹೀಗೆ ಹೇಳುತ್ತೇವೆ ಎಂದು ತಿಳಿಸಿದ್ದೇನೆ, ಕೆಲವರು ಅದನ್ನು ಕಲಿತು ತಿರುಗಿ ನನಗೇ ಹೇಳುತ್ತಾರೆ. ಸಾವಾದ ಮನೆಯಿಂದ ಹೊರಡುವಾಗ ಮಾತ್ರ ಊರಿನಲ್ಲಿ ಮಾಡುವ ಹಾಗೆ ಏನೂ ಹೇಳದೆ ಎದ್ದು ಬರುತ್ತೇನೆ. ಅದರ ಕಾರಣವನ್ನು ಯಾರೂ ಕೇಳಿಲ್ಲ.

ಫೆಬ್ರವರಿ ಎಂದರೆ ಗಾಳಿಯ ಕಾಲ. ಹಡಗು ರದ್ದಾದರೆ ಸ್ಕ್ರ್ಯಾಬ್‌ಸ್ಟರ್ ಪಕ್ಕದ ತರ್ಸೋ ಊರಿನಲ್ಲಿ ಒಂದು ರಾತ್ರಿ ತಂಗಲು ಬೇಕಾದಷ್ಟು ಹಣ, ಮಗನಿಗೆ ಒಂದು ಜೊತೆ ಬೆಚ್ಚನೆಯ ಬಟ್ಟೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಳಗೆ ಬಿಡುವುದಿಲ್ಲ, ಆದ್ದರಿಂದ ತುಪ್ಪ ಬೇಡ, ನನಗೆಂದು ಧಾರವಾಡ ಪೇಡ ತರುವ ಯೋಚನೆಯೂ ಬೇಡ. ತರಲೇಬೇಕೆಂದಿದ್ದರೆ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ ತನ್ನಿ. ಹಡಗಿನ ದಿನ ಗೊತ್ತಾದ ಕೂಡಲೇ ತಿಳಿಸಿ, ಸ್ಟ್ರಾಮ್ನೆಸ್ ದಕ್ಕೆಯ ಬಳಿ ಕಾರು ನಿಲ್ಲಿಸಿಕೊಂಡು ಕಾಯುತ್ತಿರುತ್ತೇನೆ.